ಎಡ ರೆಕ್ಕೆಯ ಒಂದು ಗರಿ

ಟೊಯ್ವೊಲಾ, ಮಿಷಿಗನ್
೨೮ ಸೆಪ್ಟೆಂಬರ್ ೧೯೮೬

ಪ್ರೀತಿಯ ಒನ್ನಿ,

ಹೇಗಿದ್ದೀಯೋ? ಹಡಗಿನ ಅಡುಗೆಯವನು ಈಗಲೂ ಎಲ್ಲದಕ್ಕೂ ಆಲೂಗಡ್ಡೆಯನ್ನೇ ಹಾಕುತ್ತಾನೆಯೇ? ಬೆನ್ನಿಗೆ ಉಣ್ಣೆಯ ಪಟ್ಟಿ ಕಟ್ಟಿಕೋ, ಅಸಡ್ಡೆ ಮಾಡಬೇಡ. ಈ ಕಾಗದ ಡೆಟ್ರಾಯ್ಟ್‌ನಲ್ಲಿ ಟಪಾಲು ದೋಣಿಯಿಂದ ಬಕೆಟ್ಟಿನಲ್ಲಿ ನಿನ್ನ ಹಡಗು ಹತ್ತುವ ಹೊತ್ತಿಗೆ ಇಲ್ಲಿ ಬಿಲ್ಲುಬೇಟೆ ಶುರುವಾಗಿರುತ್ತದೆ.

ನಾನು ಚೆನ್ನಾಗಿದ್ದೇನೆ ಅಂತಲೇ ಬರೆಯಬೇಕು. ಅಪ್ಪ ಹೋಗಿ ಎರಡು ತಿಂಗಳಾಯಿತು, ನನಗಿನ್ನೂ ಅಳು ಬಂದಿಲ್ಲ. ಮಣ್ಣಿಗೆ ನೀನು ಬರಲಿಲ್ಲವೆಂದು ಊರವರು ಆಡಿಕೊಂಡರು, ಅದೂ ತಟ್ಟಲಿಲ್ಲ. ಬೆಳಿಗ್ಗೆ ಕಾಫಿ ಕಾಸುತ್ತೇನೆ. ಶನಿವಾರ ಸೌನಾ ಹಬೆಮನೆಯ ಬಿಸಿಕಲ್ಲಿಗೆ ನೀರೆರಚಿ ಒಬ್ಬಳೇ ಬೆವರಿ ಎದ್ದು ಬರುತ್ತೇನೆ. ಒಳಗೆ ಏನೂ ಅಲುಗಾಡುವುದಿಲ್ಲ.

ಮೊನ್ನೆ ಪಕ್ಕದ ಮನೆಯ ಹಿಲ್ಮಾ ಅತ್ತೆ ಒಂದು ಚೀಲ ಟರ್ಕಿ ಕೋಳಿಯ ಗರಿ ಕೊಟ್ಟರು. "ನಿಮ್ಮಪ್ಪ ಇಲ್ಲ ಅಂತ ನನ್ನ ಕೋಳಿಗಳಿಗೆ ಗೊತ್ತಾಗ್ಬೇಕಲ್ಲ, ಗರಿ ಉದುರಿಸ್ತಾನೇ ಇವೆ, ತಗೊಂಡ್ಹೋಗೇ" ಅಂದರು. ಬಾಣ ಮಾಡುವಾಗ ಅಪ್ಪ ಮಾಡುತ್ತಿದ್ದ ಹಾಗೆಯೇ ಮೇಜಿನ ಮೇಲೆ ಹರವಿ, ಎಡ ರೆಕ್ಕೆಯವನ್ನು ಬಿಸ್ಕತ್ತಿನ ಡಬ್ಬಿಗೆ, ಬಲ ರೆಕ್ಕೆಯವನ್ನು ಕಾಫಿ ಡಬ್ಬಿಗೆ ಹಾಕಿದೆ. ಅಂಚು ಸವೆದದ್ದು, ದಂಟು ಸೀಳಿದ್ದು ಒಲೆಗೆ ಹೋದವು. "ಒಂದು ಬಾಣಕ್ಕೆ ಮೂರು ಗರಿ, ಮೂರೂ ಒಂದೇ ಕಡೆ ರೆಕ್ಕೇದು. ಎಡ ಬಲ ಬೆರೆಸಿದ್ರೆ ಬಾಣ ಕುಡುಕನ ಥರ ಹೋಗುತ್ತೆ" ಅನ್ನುವ ಅಪ್ಪನ ಮಾತು ನಿನಗೂ ಬಾಯಿಪಾಠ.

ಅದಕ್ಕೇ ಬರೆಯುತ್ತಿದ್ದೇನೆ. ಕಳೆದ ವರ್ಷ ನೀನು ಹೊಡೆದ ಜಿಂಕೆ ಹೊಟ್ಟೆಯಲ್ಲಿ ಬಾಣ ಇಟ್ಟುಕೊಂಡು ಓಡಿತಲ್ಲ, ಮೂರು ದಿನ ಹುಡುಕಿದ ಮೇಲೆ ಕಾಗೆಗಳು ಜೌಗಿನಲ್ಲಿ ಅದನ್ನು ತೋರಿಸಿದವಲ್ಲ, ಅವತ್ತು ನಿನ್ನ ಕೈ ತಪ್ಪಿರಲಿಲ್ಲ. ನಿನ್ನ ಬತ್ತಳಿಕೆಯಲ್ಲಿ ಉಳಿದಿರುವ ಒಂದೊಂದು ಬಾಣದಲ್ಲೂ ಎರಡು ಗರಿ ಬಲದ್ದು, ಒಂದು ಎಡದ್ದು. ಆದರೂ ಅವತ್ತು ನೆರೆಯವರೆಲ್ಲರ ಎದುರು ಅಪ್ಪ, "ಕೈ ನಡುಗೋನು ಬಿಲ್ಲು ಮುಟ್ಟಬಾರದು ಕಣೋ, ಹೋಗು, ಹಡಗಲ್ಲಿ ಅದಿರು ತುಂಬು" ಅಂದುಬಿಟ್ಟರು. ನೀನೂ ಹಟಕ್ಕೆ ಬಿದ್ದು ಹೊರಟೇಹೋದೆ. ಆ ಗರಿ ಅಂಟಿಸುವ ಹೊತ್ತಿಗೆ ಅಪ್ಪನ ಕಣ್ಣಿಗೆ ಪೊರೆ ಬಂದಿತ್ತು, ನಿನಗೆ ಗೊತ್ತಲ್ಲ. ತಪ್ಪು ಬಾಣದ್ದು, ನಿನ್ನದಲ್ಲ. ಮನೆಗೆ ಬಾ.

ದೇವರು ನಿನ್ನನ್ನೂ ನಿನ್ನ ಹಡಗನ್ನೂ ಕಾಯಲಿ. ಹಿಲ್ಮಾ ಅತ್ತೆ ನಿನ್ನ ಕ್ಷೇಮ ಕೇಳಿದ್ದಾಗಿ ಬರೆಯಲು ಹೇಳಿದ್ದಾರೆ.

ನಿನ್ನ ಅಕ್ಕ,
ಸೈಮಾ

ತಾ.ಕ.: ಲಕೋಟೆ ಅಂಟಿಸಿದವಳು ಮತ್ತೆ ಬಿಚ್ಚಿದ್ದೇನೆ. ಆ ಗರಿ ಅಂಟಿಸಿದ್ದು ಅಪ್ಪ ಅಲ್ಲ, ನಾನು. ಬಲದ ಡಬ್ಬಿ ಖಾಲಿಯಾಗುತ್ತ ಬಂದಿತ್ತು, ಬಾಣಕ್ಕೊಂದು ಎಡದ್ದು ಸೇರಿದರೆ ಏನು ಮಹಾ ಅಂದುಕೊಂಡೆ. ನಿನ್ನನ್ನು ಬೈಯುವಾಗ ಪಕ್ಕದಲ್ಲೇ ನಿಂತಿದ್ದೆ, ಬಾಯಿ ಬಿಡಲಿಲ್ಲ. ಈ ವಸಂತದಲ್ಲಿ ಅಪ್ಪ ಹೆಬ್ಬೆರಳಿನಲ್ಲಿ ಸವರಿಯೇ ಪತ್ತೆಮಾಡಿ, "ಇದು ಯಾರ ಕೆಲಸಾನೇ?" ಅಂದರು. "ನಿಮ್ದೇ ಅಪ್ಪಾ, ಮರ್ತಿದೀರಿ" ಅಂದೆ. ನಂಬಿದರು. ಅವತ್ತೇ ನನ್ನ ಕೈಯಲ್ಲಿ ನಿನಗೊಂದು ಕಾಗದ ಬರೆಸಿ, "ತಪ್ಪು ನನ್ನದು, ಬಾ ಮಗನೇ" ಅಂತ ಕೇಳಿಕೊಂಡರು. ನನ್ನ ಸುಳ್ಳು ಹೊರಬಿದ್ದೀತೆಂದು ಅದನ್ನು ನಾನು ಟಪಾಲಿಗೆ ಹಾಕಲಿಲ್ಲ. ದಿನಾ ನಿನ್ನ ಉತ್ತರ ಬಂತೇ ಎಂದು ಕೇಳುತ್ತಲೇ ಹೋದರು. ಆ ಕಾಗದವನ್ನು ಇದರ ಜೊತೆ ಇಟ್ಟಿದ್ದೇನೆ.