ಎಂಟೂವರೆಗೆ ಆಕಸ್ಮಿಕವಾಗಿ ಸಿಗಬೇಕಿದ್ದ ಆಶೀರ್ವಾದ

ಮಾನ್ಯ ಧರ್ಮಾಧ್ಯಕ್ಷರೇ,

ಕಳೆದ ಭಾನುವಾರ ಚರ್ಚಿನ ಗೇಟಿನ ಬಳಿ ನನ್ನ ಮಗನಿಗೂ ಅವನ ಸಂಗಾತಿಗೂ ಸಿಗಬೇಕಿದ್ದ ಆಶೀರ್ವಾದ ಸಿಗಲಿಲ್ಲ. ಗುರುಗಳು ಹೇಳಿದ ಹೊತ್ತಿಗೆ ನಾವು ಸರಿಯಾಗಿ ಬಂದದ್ದೇ ಕಾರಣ. ಈ ಅಪರಾಧವನ್ನು ನಿಮ್ಮ ಕಚೇರಿಗೆ ವರದಿ ಮಾಡಿದವರು ನಮ್ಮ ಚರ್ಚಿನ ಪಾಲನಾ ಸಮಿತಿಯ ಕಾರ್ಯದರ್ಶಿ. ಹಾಗೆಂದು ಅವರೇ ನನಗೆ ಹೇಳಿದರು. ಅಷ್ಟರ ಮಟ್ಟಿಗೆ ಪ್ರಾಮಾಣಿಕರು.

ಮಗ ಲಿಫ್ಟ್ ರಿಪೇರಿ ಮಾಡುವವನು. ಅವನೊಂದಿಗೆ ಬಾಳುತ್ತಿರುವವನು ಶಾಲೆಯಲ್ಲಿ ಗಣಿತದ ಮೇಷ್ಟ್ರು. ಮೇಷ್ಟ್ರ ಎರಡೂ ಮೂತ್ರಪಿಂಡಗಳು ಕೈಕೊಟ್ಟಿವೆ. ತನ್ನದು ಹೊಂದುತ್ತದೆಂದು ತಿಳಿದ ದಿನ ಮಗ ಊಟಕ್ಕೆ ಕೂತು, "ಅಪ್ಪಾ, ನನ್ನದೊಂದು ಸ್ಪೇರ್ ಪಾರ್ಟ್ ಕೊಡ್ತಿದ್ದೀನಿ" ಅಂದ. ನನಗೆ ನಗು ಬರಲಿಲ್ಲ. ಅವನ ಅಮ್ಮ, "ದೇವರು ಎರಡು ಇಟ್ಟಿರೋದು ಮತ್ಯಾಕೆ?" ಎನ್ನುತ್ತಾ ಬಡಿಸಿದಳು. ಆಮೇಲೆ ಅವಳು ಕೇಳಿದ್ದು ಒಂದೇ: ಆಪರೇಷನ್ನಿಗೆ ಮೊದಲು ಇಬ್ಬರ ತಲೆಯ ಮೇಲೂ ಒಟ್ಟಿಗೆ ಒಂದು ಆಶೀರ್ವಾದ.

ನಮ್ಮ ಕಿರಿಯ ಗುರುಗಳು ಇಲ್ಲವೆನ್ನಲಿಲ್ಲ. ಇಂಥ ಜೋಡಿಗಳನ್ನು ಆಶೀರ್ವದಿಸಲು ರೋಮ್ ಹಾಕಿರುವ ಷರತ್ತಿನಂತೆ ವಿಧಿ ಇರಬಾರದು, ಮದುವೆಯ ನೆರಳೂ ಬೀಳಬಾರದು, ಮುಖ್ಯವಾಗಿ ಮೊದಲೇ ನಿಗದಿಯಾಗಿರಬಾರದು ಎಂದು ವಿವರಿಸಿ, ದನಿ ತಗ್ಗಿಸಿ, "ಭಾನುವಾರ ಎಂಟೂವರೆಗೆ ಗೇಟ್ ಹತ್ರ ಆಕಸ್ಮಿಕವಾಗಿ ಸಿಗಿ" ಎಂದರು. ನಾನು ಬಸ್ ಡಿಪೋದಲ್ಲಿ ಟೈಮ್ ಕೀಪರ್ ಆಗಿದ್ದವನು. ಎಂಟೂವರೆ ಎಂದರೆ ನನಗೆ ಎಂಟೂವರೆ. ಆಕಸ್ಮಿಕ ಎಂಬುದನ್ನು ಹೇಗೆ ಪಾಲಿಸಬೇಕೆಂದು ಯಾರೂ ಕಲಿಸಿರಲಿಲ್ಲ.

ನಾವು ಇಸ್ತ್ರಿ ಶರಟು ತೊಟ್ಟು ಸಾಲಾಗಿ ನಿಂತೆವು. ಹೆಂಡತಿಯ ತಂಗಿ ಫೋಟೋ ತೆಗೆಯಲು ಮೊಬೈಲ್ ಹಿಡಿದಳು. ಗುರುಗಳು ಬಂದು ಕೈ ಎತ್ತುವಷ್ಟರಲ್ಲಿ ಕಾರ್ಯದರ್ಶಿ ಹಿಂದಿನಿಂದ ಕೇಳಿದರು: "ಹೊಸ ಬಟ್ಟೆ, ಫೋಟೋ, ಎಲ್ಲಾ ಜೋರಾಗಿದೆ! ಇದು ಆಕಸ್ಮಿಕಾನಾ ಯಜಮಾನ್ರೇ?"

"ಆಕಸ್ಮಿಕವಾಗಿ ಬರೋರು ಕೊಳೆ ಬಟ್ಟೇಲೇ ಬರಬೇಕಾ?" ಎಂದಳು ನಾದಿನಿ. ನನ್ನ ಕಡೆ ತಿರುಗಿ, "ನಾವೇನು ಕದಿಯೋಕೆ ಬಂದಿದ್ದೀವಾ, ಭಾವ?"

ಗುರುಗಳು ಎತ್ತಿದ ಕೈಯಿಂದ ಕನ್ನಡಕ ಸರಿಮಾಡಿಕೊಂಡರು. ಒಬ್ಬೊಬ್ಬರಾಗಿ ಬಂದರೆ ಅಡ್ಡಿಯಿಲ್ಲ ಎಂದರು. ಮಗ ಒಪ್ಪಲಿಲ್ಲ. "ಬನ್ನಿ ಮಾವ, ಬಿಸಿಲು ಏರ್ತಿದೆ" ಎಂದು ಮೇಷ್ಟ್ರೇ ನನ್ನ ತೋಳು ಹಿಡಿದು ಹೊರಟ. ನಡೆಯಲಾಗದವನು ಅವನು, ಹಿಡಿಸಿಕೊಂಡವನು ನಾನು.

ಮಾನ್ಯರೇ, ನಮ್ಮ ಧರ್ಮಸಭೆಯ ಬೋಧನೆಯನ್ನು ಬದಲಿಸಿ ಎಂದು ಕೇಳುವ ಶಕ್ತಿ ಈಗ ನನಗಿಲ್ಲ. ಆ ಬೋಧನೆಯಲ್ಲಿ ಎರಡು ಮಾತುಗಳಿವೆ. ಇಂಥವರ ದೈಹಿಕ ಸಂಬಂಧ ಕ್ರಮಗೆಟ್ಟದ್ದು ಎಂಬುದು ಒಂದು. ಇಂಥವರನ್ನು ಗೌರವದಿಂದ, ಕರುಣೆಯಿಂದ ಕಾಣಬೇಕು ಎಂಬುದು ಇನ್ನೊಂದು. ಮೊದಲನೆಯದನ್ನು ಕಾಯಲು ಕಾರ್ಯದರ್ಶಿಗಳಿದ್ದಾರೆ. ಎರಡನೆಯದಕ್ಕೆ ಯಾರನ್ನು ನೇಮಿಸಿದ್ದೀರಿ? ಇವನ ಅಂಗವನ್ನು ಅವನ ಹೊಟ್ಟೆಯೊಳಗೆ ಕೂರಿಸಲು ವೈದ್ಯರು ಒಪ್ಪಿದ್ದಾರೆ. ಇಬ್ಬರೂ ಅಕ್ಕಪಕ್ಕ ತಲೆಬಾಗಿದರೆ ಮಾತ್ರ ಜನರ ನಂಬಿಕೆ ಕದಲುತ್ತದೆಯೇ? ಕಾರು ಕೊಂಡರೆ ಅದಕ್ಕೆ ಆಶೀರ್ವಾದ ಮಾಡುತ್ತೀರಿ, ದಿನಾಂಕ ಕೊಟ್ಟೇ ಮಾಡುತ್ತೀರಿ. ಆ ಕಾರು ಎಲ್ಲಿಗೆ ಹೋಗುತ್ತದೆಂದು ಯಾರನ್ನಾದರೂ ಕೇಳಿದ್ದೀರಾ?

ನನ್ನ ಬೇಡಿಕೆ ಇಷ್ಟೇ. ಸೋಮವಾರ ಸಂಜೆ ಕಿರಿಯ ಗುರುಗಳನ್ನು ಆಸ್ಪತ್ರೆಗೆ ಕಳಿಸಿ. ಇಬ್ಬರಿಗೂ ಒಂದೇ ಕೋಣೆ ಕೊಟ್ಟಿದ್ದಾರೆ. ಮಂಚಗಳ ನಡುವೆ ನಿಂತು ಒಂದು ಮಾತು ಆಡಲಿ. ಅದಕ್ಕಾಗಿ ಅವರಿಗೆ ಶಿಕ್ಷೆಯಾಗದಿರಲಿ.

ಶಸ್ತ್ರಚಿಕಿತ್ಸೆ ಮಂಗಳವಾರ ಬೆಳಗ್ಗೆ ಏಳಕ್ಕೆ. ಗುರುಗಳ ಮೇಲಿನ ದೂರಿನ ವಿಚಾರಣೆ ನಿಮ್ಮ ಕಚೇರಿಯಲ್ಲಿ ಬುಧವಾರ ಹನ್ನೊಂದಕ್ಕೆ.

ಇಂತಿ,
ಇಷ್ಟಾದರೂ ನಿಮ್ಮ ಸಭೆಯವನೇ ಆಗಿರುವ,
ದಾನಿಯ ತಂದೆ