ಹಸಿರು ಬಟ್ಟೆಯ ಕೆಳಗೆ

ಪ್ರೀತಿಯ ಚುಕ್ಕಿ,

ನೀನು ಟ್ಯಾಬ್ಲೆಟ್‌ಗೆ ಹಾಕಿಕೊಟ್ಟು ಹೋದ, ಬರೆದು ತಿದ್ದುವ ಎಡಿಟರ್ ನನ್ನ ಕೈಗೆ ಒಗ್ಗಿದೆ. ಮೊದಲ ದಿನ ಗಾಜು ಸವರಿ ಸವರಿ ಸಾಕಾಗಿ ನಿನಗೆ ಮನಸಾರೆ ಬೈದೆ. ಈಗ ಗಾಜು ಮುಟ್ಟುವುದೇ ಇಲ್ಲ. ನೀನು ಕೊಟ್ಟ ಕೀಬೋರ್ಡಿನಲ್ಲಿ ಒಂದು ಕೀಲಿ ಒತ್ತಿದರೆ ಮೇಲಿನ ಸಾಲಿಗೆ ಹೋಗುತ್ತೇನೆ, ಪಕ್ಕದ್ದು ಒತ್ತಿದರೆ ಕೆಳಗಿಳಿಯುತ್ತೇನೆ, ಇನ್ನೊಂದನ್ನು ಎರಡು ಸಲ ಒತ್ತಿದರೆ ಸಾಲೇ ಮಾಯ. ಹುಟ್ಟಿ ಬೆಳೆದ ಮನೆಯಲ್ಲಿ ದೀಪವಿಲ್ಲದೆ ಓಡಾಡಿದ ಹಾಗೆ ಮಾತುಗಳ ನಡುವೆ ತಿರುಗಾಡುತ್ತೇನೆ. ಬಿಸಿಲು ಮಣಿಕಟ್ಟಿಗೆ ತಾಗಿದಾಗಲೇ ಮಧ್ಯಾಹ್ನವಾಯಿತೆಂದು ತಿಳಿಯುವುದು.

ಟೈಪಿಂಗ್ ತರಗತಿಯಲ್ಲಿ ನಿಮ್ಮೆಲ್ಲರ ಕೈಗಳ ಮೇಲೆ ಹಸಿರು ಬಟ್ಟೆ ಹಾಸುತ್ತಿದ್ದೆನಲ್ಲ, ನೆನಪಿದೆಯೇ? ನೀನಂತೂ ಬಟ್ಟೆ ಎತ್ತಿ ಇಣುಕುತ್ತಿದ್ದೆ. "ನೋಡ್ಬೇಡ ಕಣೇ, ಬೆರಳಿಗೆ ಗೊತ್ತಿರುತ್ತೆ" ಅಂತ ಎಷ್ಟು ಸಲ ನಿನ್ನ ತಲೆಗೆ ಮೊಟಕಿದ್ದೇನೋ! ಈಗ ಅದೇ ಬಟ್ಟೆಯನ್ನು ಯಾರೋ ಕಿಟಕಿಗೆ, ಬೀದಿಗೆ, ಕೊನೆಗೆ ನನ್ನ ಕೈಗಳಿಗೂ ಮೆಲ್ಲಗೆ ಹೊದಿಸಿದ್ದಾರೆ. ನಾನು ಇಣುಕುವುದಿಲ್ಲ.

ಒಂದೆರಡು ಕೆಲಸವಿದೆ. ಮುಂದಿನ ವಾರ ಬಂದು ಅಕ್ಷರ ಇನ್ನೂ ದೊಡ್ಡದು ಮಾಡಿಕೊಡುತ್ತೇನೆ ಅಂದಿದ್ದೆಯಲ್ಲ, ಬೇಡ. ಪರದೆಯ ಬೆಳಕನ್ನೇ ಆರಿಸಿಬಿಡು, ಬ್ಯಾಟರಿಯಾದರೂ ಉಳಿಯಲಿ. ನಿನ್ನ ಅಮ್ಮನಿಗೆ ಈಗಲೇ ಏನೂ ಹೇಳಬೇಡ, ಗಾಬರಿಯಾಗುತ್ತಾಳೆ, ನಾನೇ ಹೇಳುತ್ತೇನೆ. ಬಂದಾಗ ಈ ಪತ್ರವನ್ನು ನನಗೆ ಗಟ್ಟಿಯಾಗಿ ಓದು. ಒಂದು ತಪ್ಪಿಗೆ ಒಂದರಂತೆ ನನ್ನ ತಲೆಗೆ ಮೊಟಕು.

ನಿನ್ನ ಚಿಕ್ಕಮ್ಮ