ಬಾಗಿದ ಬೀಮಿನ ಲೆಕ್ಕ

ಮನೆಯಿಂದ,
ಮಾರ್ಚ್ ೧೨, ಗುರುವಾರ

ಪ್ರೀತಿಯ ಅಣ್ಣಾ,

ಕೆಮ್ಮು ಹೇಗಿದೆ? ಹೊಸ ಸೈಟಿನ ಧೂಳಿನಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೊಳ್ಳುತ್ತೀಯೋ ಇಲ್ಲವೋ ಎಂದು ಅತ್ತಿಗೆ ಕೇಳಲು ಹೇಳಿದ್ದಾರೆ. ಫೋನಿನಲ್ಲಿ ಕೇಳಿದರೆ ಬರೀ ‘ಹ್ಞೂಂ’ ಅನ್ನುತ್ತೀಯಂತೆ. ಅದಕ್ಕೇ ಈ ಕಾಗದ. ಇಲ್ಲಿ ಎಲ್ಲರೂ ಸೌಖ್ಯ. ನನಗೆ ಮಾತ್ರ ದಣಿವು, ನಿದ್ದೆ ಮಾಡಿದರೂ ಹೋಗದಂಥದ್ದು.

ನೀನು ನಿಂತು ಕಟ್ಟಿಸಿದ ಶಾಲೆಯ ಸಭಾಂಗಣದ ತಪಾಸಣೆ ನಮ್ಮ ಕಚೇರಿಗೇ ಬಂದಿದೆ. ಚಾವಣಿ ಹೊತ್ತ ನಡುವಿನ ಬೀಮು ಬಾಗಿದೆ, ಅಡಿಯಲ್ಲಿ ಕೂದಲೆಳೆಯಂಥ ಬಿರುಕುಗಳು. ಮಕ್ಕಳನ್ನು ಒಳಗೆ ಬಿಡುತ್ತಿಲ್ಲ. ಗುತ್ತಿಗೆದಾರರು, ಕಟ್ಟಿ ಮುಗಿದ ಮೇಲೆ ಚಾವಣಿಗೆ ಏರಿಸಿದ ನೀರಿನ ಟ್ಯಾಂಕನ್ನು ದೂರುತ್ತಾರೆ, ಶಾಲೆಯವರು ನಿನ್ನನ್ನು. ನನಗೆ ಈ ಕೆಲಸ ಬೇಡವೆಂದೆ. ‘ಲೆಕ್ಕಕ್ಕೆ ಅಣ್ಣ ತಂಗಿ ಇಲ್ಲಮ್ಮ, ಕೂತ್ಕೊಂಡು ಮಾಡು’ ಎಂದರು ಸಾಹೇಬರು.

ಕಂಪ್ಯೂಟರಿನಲ್ಲಿ ನಿನ್ನ ಬೀಮನ್ನು ಮತ್ತೆ ಕಟ್ಟಿದೆ. ಮೊದಲು ಬಿರುಕೇ ಇಲ್ಲವೆಂದುಕೊಂಡು ಭಾರ ಹೊರಿಸಿದೆ. ನಿಜವಾದ ಬಾಗಿನ ಕಾಲು ಭಾಗವೂ ಬರಲಿಲ್ಲ. ಬಿರುಕು ಬಿಟ್ಟ ಕಾಂಕ್ರೀಟು ನೇರ ಗೆರೆಯಲ್ಲಿ ನಡೆಯುವುದಿಲ್ಲ. ಭಾರ ಎರಡರಷ್ಟಾದರೆ ಬಾಗು ಅದಕ್ಕೂ ಮೀರುತ್ತದೆ. ಭಾರ ಇಳಿಸಿದರೂ ಪೂರ್ತಿ ಹಿಂದಕ್ಕೆ ಬರುವುದಿಲ್ಲ. ಬಿರುಕಿದ್ದಲ್ಲಿ ಒಳಗಿನ ಕಬ್ಬಿಣವೊಂದೇ ಎಳೆತ ತಡೆಯುತ್ತದೆ, ಎರಡು ಬಿರುಕುಗಳ ನಡುವಿನ ಕಾಂಕ್ರೀಟು ಇನ್ನೂ ಅದಕ್ಕೆ ಹೆಗಲು ಕೊಡುತ್ತಿರುತ್ತದೆ. ಹಾಗಾಗಿ ಎಷ್ಟು ಭಾರ ಎಂದಷ್ಟೇ ಅಲ್ಲ, ಯಾವ ಭಾರ ಮೊದಲು ಬಂತು ಎಂದೂ ಯಂತ್ರಕ್ಕೆ ಹೇಳಬೇಕು. ಭಾರವನ್ನು ಚೂರುಚೂರೇ ಏರಿಸುತ್ತೇನೆ, ಯಂತ್ರ ಉತ್ತರ ಸಿಗದೆ ನಡುವೆ ನಿಂತುಬಿಡುತ್ತದೆ, ಮತ್ತೆ ಮೊದಲಿನಿಂದ. ಅತ್ತಿಗೆ ಪರದೆ ನೋಡಿ, ‘ನಿಮ್ಮಣ್ಣ ಹಾಕ್ಸಿದ್ದು ನಿಮ್ಮಣ್ಣನ ಹಾಗೇ ಬಿಡು, ಬಗ್ಗುತ್ತೆ, ಬೀಳಲ್ಲ’ ಅಂದರು. ಬಹಳ ದಿನಕ್ಕೆ ನಕ್ಕೆ.

ಅವರು ಹೇಳಿದ್ದು ನಿಜವೂ ಹೌದು. ಟ್ಯಾಂಕು ಇಳಿಸಿ, ಬೀಮಿನ ಕೆಳಗೆ ಉಕ್ಕಿನ ಆಸರೆ ಕೊಟ್ಟರೆ ಸಭಾಂಗಣ ಉಳಿಯುತ್ತದೆ.

ಹೊತ್ತುಹೊತ್ತಿಗೆ ಊಟ ಮಾಡು. ಕೆಮ್ಮಿಗೆ ಡಾಕ್ಟರಿಗೆ ತೋರಿಸು, ಸೈಟಿನವರ ಔಷಧಿ ನಂಬಬೇಡ.

ನಿನ್ನ ತಂಗಿ

ಮರೆತು ಉಳಿದದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ: ಟ್ಯಾಂಕಿನ ಭಾರವನ್ನೆಲ್ಲ ಹಾಕಿದರೂ ಬಾಗು ಅಳತೆಗೆ ಬರಲಿಲ್ಲ. ಕೊನೆಗೆ, ಕಾಂಕ್ರೀಟು ಬಲಿಯುವ ಮೊದಲೇ ಅದನ್ನು ಹೊತ್ತ ಸೆಂಟ್ರಿಂಗ್ ಹಲಗೆ ಬಿಚ್ಚಿದ್ದರಿಂದ ಆಗಲೇ ಬಿರುಕು ಬಿಟ್ಟಿತೆಂದು ಇಟ್ಟುಕೊಂಡು ನೋಡಿದೆ. ಲೆಕ್ಕ ಅಳತೆಗೆ ಸರಿಯಾಗಿ ಕೂತಿತು. ಬೇಗ ಬಿಚ್ಚಿಸಿದೆಯಾ ಅಣ್ಣಾ? ಯಾರು ಅವಸರ ಮಾಡಿದ್ದು? ತಿಂಗಳ ಕೊನೆಗೆ ವರದಿ ಕೊಡಬೇಕು. ನಡೆದದ್ದನ್ನು ನೀನು ಬರೆದರೆ ಅದು ವರದಿಯಲ್ಲಿ ನಿನ್ನ ಮಾತಾಗಿ ಹೋಗುತ್ತದೆ. ಬರೆಯದಿದ್ದರೆ ನನ್ನ ಲೆಕ್ಕವಾಗಿ ಹೋಗುತ್ತದೆ.